ಎತ್ತರಿಸಿದ ಜೀಪಿಗೆ ಹಳೆಯ ಬ್ರೇಕ್ ಹೋಸ್ ಸಾಕೇ?

ಪ್ರಶ್ನೆ: ಜೀಪಿನ ಸಸ್ಪೆನ್ಷನ್ ಎರಡು ಇಂಚು ಎತ್ತರಿಸಿದ್ದೇನೆ. ರೋಣದ ಸುತ್ತಲಿನ ಹೊಲದ ದಾರಿಗಳಲ್ಲಿ ಓಡಿಸುತ್ತೇನೆ. ಚಕ್ರಗಳಿಗೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆಗಳನ್ನು, ಅಂದರೆ ಬ್ರೇಕ್ ಹೋಸ್‌ಗಳನ್ನೂ ಬದಲಿಸಬೇಕೇ?

ಉತ್ತರ: ಸಮನಾದ ನೆಲದ ಮೇಲೆ ನಿಂತ ಗಾಡಿಯನ್ನು ನೋಡಿ ಇದನ್ನು ತೀರ್ಮಾನಿಸಬಾರದು. ಚಾಸಿಯನ್ನು ಜ್ಯಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ಕೂರಿಸಿ, ಚಕ್ರಗಳು ಪೂರ್ತಿ ಕೆಳಗೆ ಜೋತುಬಿದ್ದ ಸ್ಥಿತಿಯಲ್ಲಿ ಸ್ಟಿಯರಿಂಗನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ನೋಡಿ. ಆಗ ಹೋಸ್ ಎಳೆದು ಕಟ್ಟಿದಂತೆ ಬಿಗಿದರೆ ಉದ್ದನೆಯದನ್ನು ಹಾಕಲೇಬೇಕು. ಚಾಸಿಯಿಂದ ಹಿಂದಿನ ಆಕ್ಸಲ್‌ಗೆ ಇಳಿಯುವ ಹೋಸನ್ನು ಅನೇಕರು ಮರೆಯುತ್ತಾರೆ. ಚಕ್ರವೊಂದು ಬದುವಿನಿಂದ ತಗ್ಗಿಗೆ ಇಳಿದಾಗ ಎಳೆತ ಬೀಳುವುದು ಅದರ ಮೇಲೂ ಹೌದು.

ಉದ್ದ ಸಾಕಾದರೂ ಹೋಸನ್ನು ತೊಳೆದು, ಬಗ್ಗಿಸಿ ನೋಡುವುದು ಅಗತ್ಯ. ನಮ್ಮ ಎರೆಮಣ್ಣು ಚಕ್ರದ ಒಳಬದಿಗೆ ಮೆತ್ತಿಕೊಂಡು ಒಣಗಿದರೆ ಕಲ್ಲಿನಂತಾಗಿ, ತಿರುವಿದಾಗಲೆಲ್ಲ ರಬ್ಬರನ್ನು ಉಜ್ಜುತ್ತದೆ. ಲೋಹದ ತುದಿಯ ಬಳಿ ಬಿರುಕು ಕಂಡರೆ, ಅಥವಾ ಪೆಡಲ್ ಬಿಟ್ಟ ಮೇಲೂ ಒಂದೇ ಚಕ್ರ ಹಿಡಿದುಕೊಂಡು ಬಿಸಿಯಾಗುತ್ತಿದ್ದರೆ, ಹೋಸನ್ನು ಸಂಶಯಿಸಿ. ಒಳಗೆ ಊದಿದ ಹೋಸ್ ಆಯಿಲನ್ನು ಹಿಂದಿರುಗಲು ಬಿಡುವುದಿಲ್ಲ.

ಹೊಸದನ್ನು ಕೂರಿಸುವಾಗ ಹೆಚ್ಚು ಕೆಡುವುದು ತಿರುಚಿನಿಂದ. ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಹಿಡಿದು ನಿಲ್ಲಿಸುವ ಭಾಗ) ಬದಿಯ ತುದಿಯನ್ನು ಮೊದಲು ಬಿಗಿದು, ಹೋಸ್ ತಾನಾಗಿ ನಿಲ್ಲುವ ದಿಕ್ಕಿನಲ್ಲೇ ಇನ್ನೊಂದು ತುದಿಯನ್ನು ಬ್ರಾಕೆಟ್‌ನಲ್ಲಿ ಕ್ಲಿಪ್ ಹಾಕಿ ಹಿಡಿಸಿ, ನಂತರ ಹೋಸ್ ತಿರುಗದಂತೆ ಒಂದು ಪಾನಾದಿಂದ ಹಿಡಿದು ಲೋಹದ ಬ್ರೇಕ್ ಪೈಪಿನ ನಟ್ಟನ್ನು ಇನ್ನೊಂದರಿಂದ ಬಿಗಿಯಿರಿ. ಬ್ಯಾಂಜೊ ಬೋಲ್ಟ್ (ಒಳಗೆ ಆಯಿಲ್ ಹರಿಯುವ ರಂಧ್ರವಿರುವ ಬೋಲ್ಟ್) ಇದ್ದಲ್ಲಿ ಎರಡೂ ತಾಮ್ರದ ವಾಷರುಗಳು ಹೊಸವೇ ಆಗಿರಲಿ. ಒಮ್ಮೆ ಒತ್ತಿದವು ಮತ್ತೆ ಸರಿಯಾಗಿ ಕೂರುತ್ತವೆಂಬ ಭರವಸೆಯಿಲ್ಲ. ಕ್ಯಾಲಿಪರನ್ನು ಎಂದೂ ಹೋಸಿಗೆ ಜೋತುಬಿಡಬೇಡಿ, ತಂತಿಯಿಂದ ಮೇಲೆ ಕಟ್ಟಿ.

ಬ್ರೇಕ್ ಆಯಿಲ್, ಗಾಡಿಯಲ್ಲಿರುವ ಅದರ ಡಬ್ಬಿಯ ಮುಚ್ಚಳದ ಮೇಲೆ ಬರೆದ ದರ್ಜೆಯದೇ ಇರಲಿ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ತೇವ ಹೀರಿದಾಗಿನ ಮಿತಿ 155 ಡಿಗ್ರಿ ಮಾತ್ರ. ಆದ್ದರಿಂದ ಸೀಲ್ ಒಡೆದಿಟ್ಟ ಹಳೆಯ ಬಾಟಲಿ ಬೇಡ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಿನಿಂದ ತೊಳೆಯಿರಿ. ಬ್ರೇಕ್ ಕೊಳವೆಗಳಲ್ಲಿ ಸೇರಿದ ಏರ್ ತೆಗೆಯುವಾಗ ಸಾಮಾನ್ಯವಾಗಿ, ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರಿಗೆ ದೂರದ ಹಿಂದಿನ ಎಡ ಚಕ್ರದಿಂದ ಆರಂಭಿಸುವುದು ವಾಡಿಕೆ. ಎಬಿಎಸ್ ಇದ್ದರೆ ಕಂಪನಿಯ ಕೈಪಿಡಿಯ ಕ್ರಮವನ್ನೇ ಅನುಸರಿಸಿ.

ಕೊನೆಗೆ ಎಂಜಿನ್ ಚಾಲೂ ಮಾಡಿ, ಒಬ್ಬರು ಪೆಡಲನ್ನು ಬಲವಾಗಿ ಒತ್ತಿ ಹಿಡಿದಿರುವಾಗ ಇನ್ನೊಬ್ಬರು ಪ್ರತಿ ಜೋಡಣೆಯನ್ನೂ ಒಣ ಕಾಗದದಿಂದ ಒರೆಸಿ ನೋಡಬೇಕು. ಕಾಗದ ಒದ್ದೆಯಾದರೆ, ಅಥವಾ ಪೆಡಲ್ ಮೆಲ್ಲಗೆ ಕೆಳಗಿಳಿದರೆ, ಗಾಡಿಯನ್ನು ರಸ್ತೆಗೆ ತರಬೇಡಿ.