ಮಾರಿಕಣಿವೆಯ ಗೋಡೆ ಎಷ್ಟು ನೀರನ್ನು ತಡೆಯುತ್ತದೆ?

ಹಿರಿಯೂರು ಹತ್ತಿರದ ಮಾರಿಕಣಿವೆಗೆ, ಅಂದರೆ ವಾಣಿವಿಲಾಸ ಸಾಗರಕ್ಕೆ ಹೋದವರು ಗುಡ್ಡ ಹತ್ತದೆ ಬರಬೇಡಿ. ಹಿನ್ನೀರು ಭಾರತದ ನಕ್ಷೆಯ ಥರ ಕಾಣುತ್ತದೆ, ನಿಜಕ್ಕೂ ಚಂದ. ಅಲ್ಲಿ ನಿಂತವರೆಲ್ಲ ಕೇಳುವುದು ಒಂದೇ: ಸುಮಾರು 30 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರನ್ನು ಎರಡು ಗುಡ್ಡದ ನಡುವಿನ 400 ಮೀಟರ್ ಗೋಡೆ ಹೇಗೆ ತಡೆಯುತ್ತದೆ? ಅಲ್ಲಿನ ದೇವತೆ ಕಣಿವೆ ಮಾರಮ್ಮನ ಮೇಲಿನ ಭಕ್ತಿ ಜನರದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಹಳೆಯ ಕಟ್ಟೆ ಕಂಡ ಕಡೆಯೆಲ್ಲ 'ಬಲಿ ಕೊಟ್ಟಿದ್ದಕ್ಕೇ ನಿಂತಿದೆ' ಅಂತ ಮಕ್ಕಳಿಗೆ ಹೇಳುತ್ತಾರಲ್ಲ, ಅದು ಬೇಸರ ತರಿಸುತ್ತದೆ.

ಅಷ್ಟೂ ನೀರಿನ ಭಾರ ಗೋಡೆಯ ಮೇಲೆ ಬೀಳುವುದೇ ಇಲ್ಲ. ನಿಂತ ನೀರಿನ ಒತ್ತಡ ಆಳದ ಮೇಲೆ ಮಾತ್ರ ನಿಂತಿದೆ. ಮನೆಯ ಮೇಲಿನ ಟ್ಯಾಂಕು 500 ಲೀಟರಿನದಾಗಲಿ 2000 ಲೀಟರಿನದಾಗಲಿ, ನೀರಿನ ಮಟ್ಟ ಒಂದೇ ಎತ್ತರದಲ್ಲಿದ್ದರೆ ಕೆಳಗಿನ ನಲ್ಲಿಯಲ್ಲಿ ಒತ್ತಡ ಒಂದೇ, ಅಲ್ವಾ? ಹಿನ್ನೀರು ಒಂದು ಮೈಲಿ ಹರಡಲಿ, ಹತ್ತು ಮೈಲಿ ಹರಡಲಿ, ಅದರ ತೂಕ ಹೊರುವುದು ಕೆಳಗಿನ ನೆಲ. ಗೋಡೆಗೆ ತಾಗಿದ ನೀರನ್ನು ಹಿಂದಿನ ನೀರು ಮುಂದಕ್ಕೆ ಒತ್ತುತ್ತದೆ, ಸರಿ. ಆದರೆ ಎಷ್ಟು ಒತ್ತುತ್ತದೆ ಅನ್ನುವುದೂ ಆ ಜಾಗದ ಆಳಕ್ಕೆ ತಕ್ಕಂತೆಯೇ. ಫ್ಲೆಮಿಷ್ ಗಣಿತಜ್ಞ ಸೈಮನ್ ಸ್ಟೆವಿನ್ ಇದನ್ನು 1586ರಲ್ಲೇ ಬರೆದಿಟ್ಟಿದ್ದ.

ಆಳ ಮಾತ್ರ ಸಣ್ಣದಲ್ಲ. ಪೂರ್ಣ ಮಟ್ಟ 130 ಅಡಿ, ಹತ್ತಿರ ಹತ್ತಿರ 40 ಮೀಟರ್. ಅಷ್ಟು ಕೆಳಗೆ ಒಂದೊಂದು ಚದರ ಮೀಟರ್ ಮೇಲೂ 40 ಟನ್ ಒತ್ತಡ. ಮೇಲ್ಗಡೆ ಏನೂ ಇಲ್ಲ, ಇಳಿದಂತೆ ಏರುತ್ತಾ ಹೋಗುತ್ತದೆ. ಅದಕ್ಕೇ ಗೋಡೆ ಮೇಲೆ ತೆಳು, ಬುಡದಲ್ಲಿ ದಪ್ಪ. ಕಲ್ಲು ಗಾರೆಯ ಈ ಗೋಡೆ ನಿಂತಿರುವುದು ತನ್ನ ಸ್ವಂತ ತೂಕದಿಂದ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಪ್ರಾಯಕ್ಕೆ ಬಾರದ ಕಾಲದಲ್ಲಿ, ಅವರ ತಾಯಿ ವಾಣಿವಿಲಾಸ ಸನ್ನಿಧಾನದವರು ಆಡಳಿತ ನೋಡಿಕೊಳ್ಳುತ್ತಿದ್ದಾಗ ಶುರುವಾದ ಕೆಲಸವಿದು. ಮುಗಿದಿದ್ದು 1907ರಲ್ಲಿ. ಕನ್ನಂಬಾಡಿ ಕಟ್ಟೆಯ ಕೆಲಸ ಆಗಿನ್ನೂ ಶುರುವೇ ಆಗಿರಲಿಲ್ಲ!

ಹರವು ಲೆಕ್ಕಕ್ಕೇ ಬರುವುದಿಲ್ಲ ಅಂತಲ್ಲ. ಅಗಲದ ನೀರಿನ ಮೇಲೆ ಗಾಳಿ ಬೀಸಿದರೆ ಅಲೆ ದೊಡ್ಡದಾಗುತ್ತದೆ. ಕಟ್ಟೆ ಒಡೆದರಂತೂ ಅಷ್ಟೂ ಟಿಎಂಸಿ ಕೆಳಗಿನ ಊರುಗಳ ಪಾಲು.

ಈ ಕಟ್ಟೆಗೆ ನೀರು ತರುವ ವೇದಾವತಿ ನದಿ ಹರಿಯುವುದು ಮಳೆ ಕಡಿಮೆಯ ಸೀಮೆಯಲ್ಲಿ, ಮೇಲ್ಗಡೆ ಕೆರೆಗಳೂ ಜಾಸ್ತಿ. ಹಾಗಾಗಿ 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಇಷ್ಟು ಹಳೇ ಗೋಡೆ ಈ ನೀರು ತಡೆದೀತಾ ಅಂತ ಕೆಲವರಿಗೆ ಭಯವಾಯಿತು. ಕೋಡಿ ಇರುವುದೇ ಅದಕ್ಕೆ. ಕೋಡಿ ಸಾಗಿಸಬಲ್ಲಷ್ಟರೊಳಗೆ ಎಷ್ಟೇ ನೀರು ಬರಲಿ, ಹೆಚ್ಚಾದದ್ದು ಅಲ್ಲಿಂದ ಹರಿದುಹೋಗುತ್ತದೆ, ಆಳ ಮಿತಿ ಮೀರುವುದಿಲ್ಲ. 1933ರಲ್ಲಿ ಹೊತ್ತಿದ್ದ ಒತ್ತಡವನ್ನೇ ಹೆಚ್ಚುಕಡಿಮೆ ಗೋಡೆ 89 ವರ್ಷದ ನಂತರ 2022ರಲ್ಲೂ ಹೊತ್ತಿತ್ತು.