ಭೀಮನ ಅರ್ಥ ಹೇಳಿದ ಹುಡುಗ

ನಮ್ಮ ಅಕ್ಕನ ಮಗನಿಗೆ ಹನ್ನೆರಡು ವರ್ಷ, ಆಟಿಸಂ ಉಂಟು, ಯಕ್ಷಗಾನ ಅಂದ್ರೆ ಪ್ರಾಣ. ಇಡೀ ರಾತ್ರಿ ಆಟ ನೋಡಿ ಬಂದ್ರೆ ಮರುದಿನ ಅರ್ಧ ಪ್ರಸಂಗ ಅವನ ಬಾಯಲ್ಲಿ ಇರ್ತದೆ, ಭಾಗವತರ ಎಳೆತ ಸಮೇತ.

ಕಳೆದ ಜೂನಲ್ಲಿ ಮಂಗಳೂರಲ್ಲಿ ಜಡಿಮಳೆ. ಅವನ ಶಾಲೆಯ ಊಟದ ಹಾಲ್‌ಗೆ ತಗಡು ಶೀಟಿನ ಮಾಡು, ಮಳೆ ಬಿದ್ರೆ ಪಕ್ಕದಲ್ಲಿ ಕೂತವರು ಮಾತಾಡಿದ್ದೂ ಕೇಳುದಿಲ್ಲ. ಇವ ಎರಡೂ ಕಿವಿ ಮುಚ್ಚಿ ಮುದುಡಿ ಕೂತಿದ್ದ, ಯಾರೋ ಒಬ್ಬ ಹುಡುಗ ಊಟ ಮಾಡು ಅಂತ ಕೈ ಹಿಡಿದು ಎಳೆದ, ಇವ ಎದ್ದು ನಿಂತು ಗಂಟಲು ಹರಿಯುವ ಹಾಗೆ "ನಿನ್ನ ಎದೆ ಬಗೆದು ನೆತ್ತರು ಕುಡಿಯದೆ ಬಿಡೆ!" ಅಂದ. ಆಟದಲ್ಲಿ ದುಶ್ಶಾಸನನ ಎದುರು ಭೀಮ ಹೇಳುವ ಅರ್ಥ, ಅಂದ್ರೆ ಪಾತ್ರದ ಮಾತು, ಊರಿನ ಯಾರಿಗೂ ಗೊತ್ತಾಗ್ತದೆ. ಆದ್ರೆ ಸಂಜೆ ಅಕ್ಕನಿಗೆ ಫೋನ್ ಬಂತು, ಬೇರೆ ಮಕ್ಕಳಿಗೆ ಅಪಾಯ, ನಾವು ಹೇಳುವವರೆಗೆ ಕಳಿಸ್ಬೇಡಿ ಅಂತ. ಮರುದಿನ ಬೆಳಿಗ್ಗೆ ಅವ ಯೂನಿಫಾರ್ಮ್ ಹಾಕಿ ಜಗಲಿಯಲ್ಲಿ ಕೂತು ವ್ಯಾನ್ ಕಾಯ್ತಾ ಇದ್ದ.

ಕೇಳಿದ ಮಾತನ್ನೇ ಮತ್ತೆ ಹೇಳುವುದಕ್ಕೆ ಎಕೊಲೇಲಿಯ ಅಂತಾರೆ. ಮೊದಲು ಇದನ್ನು ಅರ್ಥ ಇಲ್ಲದ ಗಿಳಿಪಾಠ ಅಂದ್ಕೊಂಡಿದ್ರು, 1980ರ ದಶಕದಲ್ಲಿ ಅಮೆರಿಕದ ಸ್ಪೀಚ್ ತಜ್ಞ ಬ್ಯಾರಿ ಪ್ರಿಝಂಟ್ ಮತ್ತೆ ಅವರ ಜೊತೆಯವರು ಮಕ್ಕಳನ್ನು ಕೂತು ಗಮನಿಸಿ, ಇದ್ರಲ್ಲಿ ಎಷ್ಟೋ ಸಲ ಬೇಕು, ಬೇಡ, ಹೆದರಿಕೆ ಆಗ್ತಾ ಉಂಟು ಅನ್ನುವ ಸಂದೇಶ ಇರ್ತದೆ ಅಂತ ತೋರಿಸಿದ್ರು. ಸ್ವಂತ ಶಬ್ದ ಸಿಗದಾಗ ಅದೇ ಭಾವದ ಸಿದ್ಧ ಮಾತು ಹೊರಗೆ ಬರ್ತದೆ. ಸದ್ದಿನ ವಿಷಯವೂ ಹಾಗೆಯೇ, ನಮಗೆ ಐದು ನಿಮಿಷದಲ್ಲಿ ಮಳೆಯ ಸದ್ದು ಅಭ್ಯಾಸ ಆಗಿ ಹೋಗ್ತದೆ, ಆಟಿಸಂ ಇರುವ ಎಷ್ಟೋ ಮಕ್ಕಳ ಮೆದುಳಲ್ಲಿ ಹೆದರಿಕೆಯ ಗಂಟೆ ಬಾರಿಸುವ ಅಮಿಗ್ಡಲಾ ಅಷ್ಟು ಬೇಗ ಸುಮ್ಮನಾಗುದಿಲ್ಲ. ಅವನಿಗೆ ಆಗ ಬೇಕಿದ್ದದ್ದು ಆ ಹುಡುಗ ಹಿಡಿದ ಕೈಯನ್ನು ಬಿಡುವುದು, ಅಷ್ಟೇ.

ಹಾಗಂತ ಬೆದರಿಕೆಯನ್ನೆಲ್ಲ ಬಿಟ್ಟುಬಿಡಿ ಅಂತ ನಾನು ಹೇಳುದಿಲ್ಲ. ಅಮೆರಿಕದಲ್ಲಿ 1999ರಲ್ಲಿ ಕೊಲಂಬೈನ್ ಶಾಲೆಯ ಶೂಟಿಂಗ್ ಆದ ಮೇಲೆ, ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್ ಮತ್ತು ಶಿಕ್ಷಣ ಇಲಾಖೆ ಸೇರಿ 37 ಶಾಲಾ ದಾಳಿ, 41 ದಾಳಿಕೋರರ ವಿಷಯ ಕೆದಕಿ ನೋಡಿದ್ರು, ವರದಿ 2002ರಲ್ಲಿ ಬಂತು. ದಾಳಿ ಮಾಡುವವ ಹೀಗೆಯೇ ಇರ್ತಾನೆ ಅನ್ನುವ ಒಂದು ಅಚ್ಚು ಇಲ್ಲ ಅಂತ ಗೊತ್ತಾಯ್ತು. ಬೆದರಿಕೆ ಹಾಕುವವರೆಲ್ಲ ಅಪಾಯ ಅಲ್ಲ, ಅಪಾಯ ಇರುವವ ಬಾಯಿ ಬಿಟ್ಟು ಬೆದರಿಸ್ಬೇಕು ಅಂತಲೂ ಇಲ್ಲ. ಹಾಗಾಗಿ ನೋಡ್ಬೇಕಾದ್ದು ತಯಾರಿಯನ್ನು: ಪ್ಲಾನ್ ಉಂಟಾ, ಆಯುಧ ಹುಡುಕಿದ್ದಾನಾ, ಯಾರ ಹತ್ರ ಹೇಳಿದ್ದಾನೆ. ಶಾಲೆಯಲ್ಲಿ ಬಂದ ಬೆದರಿಕೆಯನ್ನು ತೂಗಿ ನೋಡ್ಲಿಕ್ಕೆ ವರ್ಜೀನಿಯಾ ಯೂನಿವರ್ಸಿಟಿಯ ಮನಶ್ಶಾಸ್ತ್ರಜ್ಞ ಡ್ಯೂಯಿ ಕಾರ್ನೆಲ್ ಮಾಡಿದ ಕ್ರಮದಲ್ಲಿ ಮೊದಲ ಕೆಲಸವೇ ಮಗುವಿನ ಹತ್ರ ಕೂತು ಏನು ಹೇಳಿದೆ, ಯಾಕೆ ಹೇಳಿದೆ ಅಂತ ಕೇಳುವುದು, ಆಮೇಲೆ ಕ್ಷಣದ ಸಿಟ್ಟಾ ನಿಜವಾದ ಉದ್ದೇಶವಾ ಅಂತ ಬೇರೆ ಮಾಡುವುದು. ನಮ್ಮ ಹುಡುಗನನ್ನು ಯಾರೂ ಕೇಳಿರ್ಲಿಲ್ಲ.

ಅಮೆರಿಕದಲ್ಲಿಯೂ ಸ್ಪೆಷಲ್ ಎಜುಕೇಶನ್ ಮಕ್ಕಳೇ ಈ ವಿಚಾರಣೆಗೆ ಹೆಚ್ಚು ಸಿಕ್ಕಿಬೀಳ್ತಾರೆ, ಆದ್ರೆ ಅವರಿಗೆ ಅಲ್ಲಿ ಕಾನೂನಿನ ಬೇಲಿ ಉಂಟು. ಅಂಗವೈಕಲ್ಯ ಇರುವ ಮಗುವನ್ನು 10 ಶಾಲಾ ದಿನಕ್ಕಿಂತ ಹೆಚ್ಚು ಹೊರಗಿಡುವುದಾದ್ರೆ, ಆ ವರ್ತನೆ ಅವನ ವೈಕಲ್ಯದಿಂದ ಬಂದದ್ದಾ ಅಂತ ಪೋಷಕರನ್ನು ಕೂರಿಸಿಕೊಂಡು ತೀರ್ಮಾನ ಮಾಡ್ಬೇಕು. ಆಯುಧ ತಂದಂಥ ಪ್ರಸಂಗದಲ್ಲಿ 45 ಶಾಲಾ ದಿನದವರೆಗೆ ಬೇರೆ ಕಡೆ ಕಲಿಸ್ಬಹುದು, ಆದ್ರೆ ಕಲಿಸುವುದನ್ನು ನಿಲ್ಲಿಸ್ಲಿಕ್ಕಿಲ್ಲ.

ನಮ್ಮಲ್ಲಿ ಅಂಥ ಹಂತ ಹಂತದ ಕ್ರಮ ಇಲ್ಲದಿದ್ರೂ ಹಕ್ಕು ಉಂಟು ಮಾರಾಯ್ರೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಎಂಟನೇ ಕ್ಲಾಸ್ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ತೆಗೆದುಹಾಕುವ ಹಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಕೂಡ ಸೇರಿದೆ, ಸರ್ಕಾರದ ಮಾನ್ಯತೆ ಇರುವ ಶಾಲೆಗಳು ಆ ಮಗುವಿಗೆ ತಕ್ಕ ಅನುಕೂಲ ಮಾಡಿಕೊಡ್ಬೇಕು. ಅಕ್ಕ ಇದನ್ನೆಲ್ಲ ಬರೆದು, ಮಣಿಪಾಲದಲ್ಲಿ ಅವನನ್ನು ನೋಡುವ ಸ್ಪೀಚ್ ಥೆರಪಿಸ್ಟ್ ಹತ್ರ ಒಂದು ಪತ್ರ ತಗೊಂಡು ಶಾಲೆಗೆ ಹೋದ್ಲು. ಈಗ ಮಳೆ ಜೋರಾದ್ರೆ ಅವನಿಗೆ ಲೈಬ್ರರಿಯಲ್ಲಿ ಊಟ, ಕಿವಿಗೆ ಹೆಡ್‌ಫೋನ್. ಒಂದು ರೂಪಾಯಿ ಹೆಚ್ಚು ಖರ್ಚಾಗ್ಲಿಲ್ಲ ಶಾಲೆಗೆ.

ಹಾಜರಿ ಪುಸ್ತಕದಲ್ಲಿ ಮಾತ್ರ, ಶಾಲೆ ಕಳಿಸ್ಬೇಡಿ ಅಂದ ಆ ಹದಿನೇಳು ದಿನ ಗೈರು ಅಂತ ಉಂಟು. ಅವ ಸ್ವಂತ ರಜೆ ಮಾಡಿದ್ದಲ್ಲ, ಅದನ್ನು ತಿದ್ದಿ ಅಂತ ಅಕ್ಕ ಇನ್ನೊಂದು ಅರ್ಜಿ ಕೊಟ್ಟಿದ್ದಾಳೆ.