50 ರೂಪಾಯಿಯಿಂದ ಶುರುವಾದ ಜೀವನಾಂಶದ ಕಥೆ

ಯಾರದಾದರೂ ಡೈವೋರ್ಸ್ ಸುದ್ದಿ ಬಂದರೆ ಸಾಕು, ‘ಅಯ್ಯೋ, ಅರ್ಧ ಆಸ್ತಿ ಹೆಂಡತಿಗೆ ಹೋಯ್ತು ಬಿಡಿ’ ಅನ್ನುವವರು ಇದ್ದೇ ಇರುತ್ತಾರೆ. ಸಿನಿಮಾದವರ ಸುದ್ದಿಯಾದರೆ ಕೋಟಿಗಳ ಲೆಕ್ಕವೂ ಜೊತೆಗೇ ಬರುತ್ತದೆ. ಆದರೆ ಗೋವಾದಂಥ ಒಂದೆರಡು ಕಡೆ ಬಿಟ್ಟರೆ ನಮ್ಮ ದೇಶದಲ್ಲಿ ಅಂಥ ಅರ್ಧ ಪಾಲಿನ ಕಾನೂನೇ ಇಲ್ಲ. ಹೆಂಡತಿಗೆ ಸಿಗುವುದು ಜೀವನಾಂಶ. ಅದು ಪಾಲಲ್ಲ.

ಯಾಕೆ ಹೀಗೆ? ಜೀವನಾಂಶದ ಕಾನೂನು ಹುಟ್ಟಿದ ಜಾಗ ನೋಡಿದರೆ ಗೊತ್ತಾಗುತ್ತದೆ. ಎಲ್ಲರೂ ಕೇಳಿರುವ ‘ಸೆಕ್ಷನ್ 125’ ಇದ್ದದ್ದು ಕ್ರಿಮಿನಲ್ ಪ್ರೊಸೀಜರ್ ಕೋಡ್‌ನಲ್ಲಿ. ಅರೆಸ್ಟು, ಜಾಮೀನು, ಚಾರ್ಜ್‌ಶೀಟುಗಳ ಪುಸ್ತಕದೊಳಗೆ ಹೆಂಡತಿಯ ಊಟದ ವಿಷಯಕ್ಕೇನು ಕೆಲಸ, ಅಲ್ವಾ? ಬ್ರಿಟಿಷ್ ಸರ್ಕಾರ ಅದನ್ನು ಹಾಕಿದ್ದು ಹೆಂಡತಿಯ ಹಕ್ಕು ಅಂತ ಅಲ್ಲ. ಗಂಡ ಕೈಬಿಟ್ಟ ಹೆಂಗಸು, ಮಕ್ಕಳು ಬೀದಿಗೆ ಬಿದ್ದರೆ ತಿರುಕರೂ ಅಲೆಮಾರಿಗಳೂ ಜಾಸ್ತಿಯಾಗುತ್ತಾರೆ, ಅದರಿಂದ ಅಪರಾಧ ಹೆಚ್ಚುತ್ತದೆ ಅನ್ನುವುದು ಅವರ ಯೋಚನೆ. ಆದ್ದರಿಂದ 1898ರ ಕೋಡ್‌ನ ಸೆಕ್ಷನ್ 488ರಲ್ಲಿ ಮ್ಯಾಜಿಸ್ಟ್ರೇಟರು ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ಕೊಡಿಸಬಹುದಿತ್ತು. ಹಸಿವಿನಿಂದ ಸಾಯದಿದ್ದರೆ ಸಾಕು ಅನ್ನುವ ಲೆಕ್ಕ.

1955ರಲ್ಲಿ ಈ ಮಿತಿ 500 ರೂಪಾಯಿ ಆಯಿತು. 1973ರ ಹೊಸ ಕೋಡ್‌ನಲ್ಲಿ ಸೆಕ್ಷನ್ನಿನ ನಂಬರು 125 ಎಂದು ಬದಲಾಯಿತು. ಅದರ ಜೊತೆಗೆ ದೊಡ್ಡ ಬದಲಾವಣೆಯೊಂದು ಬಂತು. ವಿಚ್ಛೇದನ ಪಡೆದು ಮರುಮದುವೆಯಾಗದ ಹೆಣ್ಣನ್ನೂ ‘ಹೆಂಡತಿ’ ಅನ್ನುವ ಪದದೊಳಗೆ ಸೇರಿಸಿದರು. ಅಲ್ಲಿಯವರೆಗೆ ತಲಾಖ್ ಕೊಟ್ಟೋ ಡೈವೋರ್ಸ್ ತೆಗೆದುಕೊಂಡೋ ಗಂಡ ಈ ಸೆಕ್ಷನ್ನಿನಿಂದ ನುಣುಚಿಕೊಳ್ಳಬಹುದಿತ್ತು. ಆದರೆ ಮಿತಿ ಮಾತ್ರ 500ರಲ್ಲೇ ನಿಂತಿತು. ಕೆಲವು ರಾಜ್ಯಗಳು ತಾವೇ ತಿದ್ದುಪಡಿ ತಂದು ಅದನ್ನು ಏರಿಸಿಕೊಂಡವು. ಕೇಂದ್ರ ಆ ಮಿತಿಯನ್ನು ತೆಗೆದದ್ದು 2001ರಲ್ಲಿ. ಅಕ್ಕಿ, ಬಾಡಿಗೆ, ಸಂಬಳ ಎಲ್ಲವೂ ಎಷ್ಟೋ ಪಟ್ಟು ಏರಿದ 46 ವರ್ಷ, ಕೈಬಿಟ್ಟ ಹೆಂಡತಿಯ ಹೊಟ್ಟೆಗೆ ಮಾತ್ರ ಅದೇ 500.

ಇದೇ ಸೆಕ್ಷನ್ ಇಂದೋರಿನ ಶಾ ಬಾನು ಅವರನ್ನು ದೇಶಕ್ಕೆಲ್ಲ ಪರಿಚಯಿಸಿತು. 1932ರಲ್ಲಿ ಮದುವೆಯಾಗಿದ್ದ ಅವರಿಗೆ ವಕೀಲ ಗಂಡ 1978ರಲ್ಲಿ ತಲಾಖ್ ಕೊಟ್ಟರು. ಮ್ಯಾಜಿಸ್ಟ್ರೇಟರು ಕೊಡಿಸಿದ್ದು ತಿಂಗಳಿಗೆ 25 ರೂಪಾಯಿ. ಹೈಕೋರ್ಟು ಅದನ್ನು 179 ರೂಪಾಯಿ 20 ಪೈಸೆ ಮಾಡಿತು. ಅಷ್ಟು ದುಡ್ಡಿಗಾಗಿ ಗಂಡ ಸುಪ್ರೀಂ ಕೋರ್ಟಿಗೆ ಹೋದರು, 1985ರಲ್ಲಿ ಸೋತರು. ಮರುವರ್ಷವೇ ರಾಜೀವ್ ಗಾಂಧಿ ಸರ್ಕಾರ ಮುಸ್ಲಿಂ ಮಹಿಳೆಯರಿಗೆ ಬೇರೆ ಕಾಯ್ದೆ ತಂದಿತು. ಇದ್ದತ್, ಅಂದರೆ ತಲಾಖ್ ಆದ ಮೇಲೆ ಮರುಮದುವೆಗೆ ಮುಂಚೆ ಹೆಣ್ಣು ಕಾಯಬೇಕಾದ ಅವಧಿ, ಮುಗಿದ ಮೇಲೆ ಗಂಡನ ಹೊಣೆ ಮುಗಿಯಿತು ಎಂದೇ ಹೆಚ್ಚಿನವರು ಅದನ್ನು ಓದಿಕೊಂಡರು. 2001ರಲ್ಲಿ ಸುಪ್ರೀಂ ಕೋರ್ಟ್ ಬೇರೆಯೇ ಅರ್ಥ ಹೇಳಿತು: ಅವಳ ಮುಂದಿನ ಬದುಕಿಗೆ ಬೇಕಾದಷ್ಟನ್ನು ಆ ಅವಧಿಯೊಳಗೇ ಕೊಟ್ಟುಬಿಡಬೇಕು. 2024ರ ಜುಲೈನಲ್ಲಿ ಇನ್ನೊಂದು ತೀರ್ಪು ಬಂತು. ಮುಸ್ಲಿಂ ಮಹಿಳೆಯೂ ಸೆಕ್ಷನ್ 125ರಡಿ ಕೇಳಬಹುದು ಎಂದಿತು. ಅದೇ ತಿಂಗಳ ಒಂದನೇ ತಾರೀಖಿನಿಂದ ಆ ಸೆಕ್ಷನ್, ಹಳೇ ಕೋಡ್‌ನ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ವಕೀಲರ ಬಾಯಲ್ಲಿ ಇನ್ನೂ 125ಏ.

ಸಿವಿಲ್ ಕಡೆಯ ದಾರಿ ಬೇರೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಕೇಸು ನಡೆಯುವಾಗಿನ ಖರ್ಚಿಗೆ ಸೆಕ್ಷನ್ 24, ತೀರ್ಪಿನ ನಂತರದ ಶಾಶ್ವತ ಜೀವನಾಂಶಕ್ಕೆ ಸೆಕ್ಷನ್ 25. ಇವನ್ನು ಗಂಡನೂ ಕೇಳಬಹುದು. ಎಷ್ಟು ಕೊಡಬೇಕು ಅನ್ನುವುದಕ್ಕೆ ಮಾತ್ರ ಕಾಯ್ದೆಯಲ್ಲಿ ಸೂತ್ರವಿಲ್ಲ. 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಗಂಡನ ನಿವ್ವಳ ಸಂಬಳದ ಶೇ 25 ಸರಿ ಎಂದಿತು. ಅಂದಿನಿಂದ ಆ ಅಂಕಿ ಎಲ್ಲರ ಬಾಯಲ್ಲೂ ಓಡಾಡುತ್ತಿದೆ. ಆದರೆ ಅದು ಎಲ್ಲರಿಗೂ ಹಾಕುವ ನಿಯಮವಲ್ಲ. ಇಬ್ಬರ ಆದಾಯ, ಮಕ್ಕಳು, ಜೊತೆಗಿದ್ದಾಗಿನ ಜೀವನಮಟ್ಟ ಎಲ್ಲ ನೋಡುತ್ತಾರೆ. ಡಿಗ್ರಿ ಇದೆ, ದುಡಿಯಬಲ್ಲಳು ಅನ್ನುವ ಕಾರಣಕ್ಕೇ ಇಲ್ಲ ಅನ್ನುವಂತಿಲ್ಲ.

ಆದಾಯದ ವಿಷಯದಲ್ಲೇ ನಿಜವಾದ ಜಟಾಪಟಿ. ಕೋರ್ಟಿಗೆ ಬಂದ ಗಂಡನಿಗೆ ಇದ್ದಕ್ಕಿದ್ದಂತೆ ವ್ಯಾಪಾರದಲ್ಲಿ ನಷ್ಟವಾಗಿರುತ್ತದೆ, ಹೆಂಡತಿಗೆ ಇದ್ದ ಕೆಲಸ ಹೋಗಿರುತ್ತದೆ! 2020ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಕಡಿವಾಣ ಹಾಕಿತು. ಇಬ್ಬರೂ ಆಸ್ತಿ, ಸಾಲ, ಆದಾಯ, ಖರ್ಚು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬರೆದು ಕೊಡಬೇಕು. ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ಈ ಎರಡನೆಯದು ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ವಾಯಿದೆ ಮೇಲೆ ವಾಯಿದೆ ತೆಗೆದುಕೊಂಡು ಕೇಸು ಎಳೆದರೆ ಈಗ ಬಾಕಿ ಬೆಳೆಯುತ್ತದೆ.

ಪೂರ್ತಿ ಅವಳದೇ ಅನ್ನುವ ಆಸ್ತಿಯೊಂದು ಮಾತ್ರ ಹಳೇ ಕಾಲದಿಂದಲೂ ಇದೆ: ಸ್ತ್ರೀಧನ. ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ‘ಮಿತಾಕ್ಷರ’ ಎಂಬ ಹಿಂದೂ ಕಾನೂನಿನ ಗ್ರಂಥ ಬರೆದ ವಿಜ್ಞಾನೇಶ್ವರ ಸ್ತ್ರೀಧನದ ಅರ್ಥವನ್ನು ತುಂಬ ಹಿಗ್ಗಿಸಿದ್ದ. ಉಡುಗೊರೆ ಅಷ್ಟೇ ಅಲ್ಲ, ಕೊಂಡದ್ದು, ವಾರಸುದಾರಿಕೆಯಿಂದ ಬಂದದ್ದೂ ಅದರಲ್ಲಿ ಸೇರುತ್ತದೆ ಎಂದಿದ್ದ. ನಂತರದ ಕೋರ್ಟುಗಳು ಅದನ್ನು ಮತ್ತೆ ಕುಗ್ಗಿಸಿದವು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿಗೆ ಕಾಯ್ದೆ ಮಾಡಿತ್ತು. 1985ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ತವರಿನವರು ಕೊಟ್ಟ ಒಡವೆ, ಪಾತ್ರೆ, ಹಣ ಗಂಡನ ಮನೆಯ ಬೀರುವಿನಲ್ಲಿದ್ದರೂ ಹೆಂಡತಿಯದೇ. ವಾಪಸ್ ಕೊಡದಿದ್ದರೆ ನಂಬಿಕೆದ್ರೋಹದ ಕ್ರಿಮಿನಲ್ ಕೇಸು.

ಮನೆಯ ವಿಷಯ ಹಾಗಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಅವಳಿಗೆ ಮನೆಯಲ್ಲಿ ಇರುವ ಹಕ್ಕಿದೆ. ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಅದನ್ನು ಕೇಳಬಹುದು ಎಂದು 2020ರ ಇನ್ನೊಂದು ತೀರ್ಪು ಹೇಳುತ್ತದೆ. ಆದರೆ ಇರುವ ಹಕ್ಕು ಬೇರೆ, ಒಡೆತನ ಬೇರೆ. ಗೋವಾದಲ್ಲಿ ಪೋರ್ಚುಗೀಸರ 1867ರ ಸಿವಿಲ್ ಕೋಡಿನಿಂದ ಬಂದ ಪದ್ಧತಿಯಿದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿ ಇಬ್ಬರಿಗೂ ಸಮಪಾಲು. ಉಳಿದ ಕಡೆ ಪತ್ರದಲ್ಲಿ ಯಾರ ಹೆಸರಿದೆಯೋ ಅವರದೇ ಮನೆ. ಗೃಹಸಾಲದ ಕಂತು ಕಟ್ಟಿದ್ದರೆ ಬ್ಯಾಂಕಿನ ದಾಖಲೆ ತೋರಿಸಿ ವಾದ ಮಾಡಬಹುದು. ಅಡುಗೆ ಮಾಡಿದ್ದಕ್ಕೆ, ಮಕ್ಕಳನ್ನು ಸಾಕಿದ್ದಕ್ಕೆ ಯಾವ ಬ್ಯಾಂಕೂ ರಸೀದಿ ಕೊಡುವುದಿಲ್ಲ.

ಗಂಡನ ಸ್ಥಿರಾಸ್ತಿಯಲ್ಲೂ ಹೆಂಡತಿಗೆ ಪಾಲು ಕೊಡಿಸುವ ಪ್ರಯತ್ನ ಒಮ್ಮೆ ನಡೆಯಿತು. ವಿವಾಹ ಕಾನೂನುಗಳ ತಿದ್ದುಪಡಿ ಮಸೂದೆಗೆ 2013ರ ಆಗಸ್ಟಿನಲ್ಲಿ ರಾಜ್ಯಸಭೆ ಒಪ್ಪಿಗೆ ಕೊಟ್ಟಿತ್ತು. ಲೋಕಸಭೆಯಲ್ಲಿ ಅದು ಪಾಸಾಗಲೇ ಇಲ್ಲ. 2014ರಲ್ಲಿ ಸದನದ ಅವಧಿ ಮುಗಿಯಿತು, ಮಸೂದೆಯೂ ಅಲ್ಲಿಗೇ ಬಿದ್ದುಹೋಯಿತು.